1956ರ ರ‍್ಯಾಲಿ ಸೈಕಲ್: ಬಣ್ಣ ಮೊದಲೋ, ಬೇರಿಂಗ್ ಮೊದಲೋ?

ಕುಕ್ಕರಹಳ್ಳಿ ಸವಾರ, ಮೈಸೂರು

ಎಲ್ಲರಿಗೂ ನಮಸ್ಕಾರ. ನಿವೃತ್ತ ಶಿಕ್ಷಕರೊಬ್ಬರ ಮನೆಯವರಿಂದ ಕಳೆದ ತಿಂಗಳು ಹಳೆಯ ರ‍್ಯಾಲಿ ಸೈಕಲ್ಲೊಂದನ್ನು ಕೊಂಡಿದ್ದೇನೆ. ಮುಂಭಾಗದ ಲಾಂಛನದಲ್ಲಿ ಕೊಕ್ಕರೆಯ ತಲೆಯೂ ನಾಟಿಂಗ್‌ಹ್ಯಾಮ್ ಎಂಬ ಊರಿನ ಹೆಸರೂ ಇವೆ. ಹಿಂದಿನ ಚಕ್ರದ ನಡುಭಾಗದ ಹಬ್‌ನ ಮೇಲೆ ಸ್ಟರ್ಮೀ-ಆರ್ಚರ್ ಎಂಬ ಗೇರ್ ತಯಾರಕರ ಹೆಸರಿನ ಜೊತೆಗೆ ‘ಎ.ಡಬ್ಲ್ಯೂ.’ ಎಂದೂ, ಅದರ ಪಕ್ಕದಲ್ಲಿ 56 ಮತ್ತು 8 ಎಂದೂ ಅಚ್ಚೊತ್ತಿದೆ. ಮೂರು ಗೇರು, ರಾಡ್ ಬ್ರೇಕ್, ಪೂರ್ತಿ ಮುಚ್ಚಿದ ಚೈನ್ ಕವರ್, 28 ಅಂಗುಲದ ಚಕ್ರಗಳು. ಹ್ಯಾಂಡಲ್‌ನ ಬುಡದಲ್ಲಿ ಮುನ್ಸಿಪಾಲಿಟಿಯ ಹಿತ್ತಾಳೆ ಬಿಲ್ಲೆಯೊಂದು ಇನ್ನೂ ತೂಗುತ್ತಿದೆ.

ಗಾಡಿಯ ಸ್ಥಿತಿ ಹೀಗಿದೆ: ಕಪ್ಪು ಬಣ್ಣದ ಮೇಲೆ ಜಿಡ್ಡು, ಧೂಳು ಕಟ್ಟಿಕೊಂಡಿದ್ದರೂ ಒದ್ದೆ ಬಟ್ಟೆಯಿಂದ ಒರೆಸಿದ ಕಡೆಯಲ್ಲೆಲ್ಲ ಚಿನ್ನದ ಬಣ್ಣದ ಗೆರೆಗಳು ಕಾಣಿಸುತ್ತಿವೆ. ರಿಮ್ಮುಗಳ ಮೇಲೆ ಕಂದು ತುಕ್ಕಿದೆ, ಆದರೆ ಎಲ್ಲಿಯೂ ತೂತು ಬಿದ್ದಿಲ್ಲ. ಬ್ರೂಕ್ಸ್ ಚರ್ಮದ ಸೀಟು ಒಣಗಿ ಮರದ ಹಲಗೆಯಂತಾಗಿದೆ. ಪೆಡಲ್ ತುಳಿದಾಗ ಅದನ್ನು ಹಿಡಿದಿರುವ ತೋಳು, ಅಂದರೆ ಕ್ರ್ಯಾಂಕ್, ಕಟಕಟ ಎನ್ನುತ್ತದೆ. ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಸ್ವಲ್ಪವೂ ಅಲ್ಲಾಡುತ್ತಿಲ್ಲ. ಎರಡನೇ ಗೇರಿನಲ್ಲಿ ಒತ್ತಿ ತುಳಿದರೆ ಒಮ್ಮೊಮ್ಮೆ ಕಾಲು ಖಾಲಿಯಾಗಿ ತಿರುಗಿಬಿಡುತ್ತದೆ.

ನಮ್ಮ ಬಡಾವಣೆಯ ಅಂಗಡಿಯವರು ಎರಡೂ ರಿಮ್ ಬದಲಿಸಿ, ಫ್ರೇಮಿಗೆ ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಕಾಯಿಸಿ ಹಿಡಿಸುವುದು) ಮಾಡಿಸಿ, ಗೇರ್ ಹಬ್ ತೆಗೆದು ಸಾದಾ ಫ್ರೀವೀಲ್ ಹಾಕಿಸಿಕೊಳ್ಳಿ ಎನ್ನುತ್ತಾರೆ. ನನಗೆ ಬೇಕಾಗಿರುವುದು ಪ್ರದರ್ಶನದ ವಸ್ತುವಲ್ಲ. ಬೆಳಿಗ್ಗೆ ಕೆರೆಯ ಕಡೆಗೂ, ಸಂಜೆ ಮಾರುಕಟ್ಟೆಗೂ ನೆಮ್ಮದಿಯಿಂದ ಹೋಗಿಬರಬಹುದಾದ ಗಾಡಿ. ಕೆಲಸವನ್ನು ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಪಾನಾಪೆಟ್ಟಿಗೆ, ಹುಬ್ಬಳ್ಳಿ

ನಮಸ್ಕಾರ ಸರ್. ನಮ್ಮ ತಂದೆಯವರು ಸೈಕಲ್ ಅಂಗಡಿ ಇಟ್ಟಿದ್ದರು. ಇಂಥ ಗಾಡಿಗಳ ಓವರಾಯಿಲಿಂಗ್ ಮಾಡುತ್ತಲೇ ನಾನು ಕೆಲಸ ಕಲಿತವನು. ಅಂಗಡಿಯವರು ಹೇಳಿದ ಮೂರರಲ್ಲಿ ಒಂದನ್ನೂ ಸದ್ಯಕ್ಕೆ ಮಾಡಿಸಬೇಡಿ. ಓಡಿಸುವ ಗಾಡಿಗೆ ಮೊದಲು ಬೇಕಾದದ್ದು ನೇರವಾದ ಫ್ರೇಮು, ಹಗುರವಾಗಿ ತಿರುಗುವ ಬೇರಿಂಗು, ಹಿಡಿಯುವ ಬ್ರೇಕು ಮತ್ತು ಹೊಸ ಟಯರು. ಬಣ್ಣದ ಮಾತನ್ನು ಇವೆಲ್ಲ ಮುಗಿದ ಮೇಲೆ ಆಡಬಹುದು, ಆಗ ಬಹುಶಃ ಅದರ ಅಗತ್ಯವೇ ಕಾಣುವುದಿಲ್ಲ.

ಫ್ರೇಮನ್ನು ಪರೀಕ್ಷಿಸಲು ಒಂದು ದಾರ ಸಾಕು. ಹಿಂದಿನ ಅಚ್ಚು ಕೂರುವ ಒಂದು ಕಡೆಯ ಕೊನೆಗೆ ದಾರವನ್ನು ಕಟ್ಟಿ, ಹ್ಯಾಂಡಲ್‌ನ ಕೆಳಗಿರುವ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಕಡೆಯ ಕೊನೆಗೆ ಬಿಗಿಯಾಗಿ ಎಳೆದು ಕಟ್ಟಿ. ಸೀಟಿನ ಕೊಳವೆಯಿಂದ ದಾರಕ್ಕೆ ಇರುವ ಅಂತರ ಎರಡೂ ಬದಿಯಲ್ಲಿ ಒಂದೇ ಆಗಿದ್ದರೆ ಫ್ರೇಮ್ ನೇರವಾಗಿದೆ ಎಂದು ತಿಳಿಯಬಹುದು. ಅನಂತರ ಕೆಳಗಿನ ಓರೆ ಕೊಳವೆಯು ಮುಂದಿನ ಲಗ್ಗಿಗೆ (ಕೊಳವೆಗಳನ್ನು ಕೂಡಿಸುವ ಲೋಹದ ತುಂಡಿಗೆ) ಸೇರುವ ಜಾಗದ ಕೆಳಭಾಗವನ್ನು ಬೆರಳಿನಿಂದ ಸವರಿ ನೋಡಿ. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಸಣ್ಣ ಉಬ್ಬು ಕೈಗೆ ತಗುಲಿದರೆ ಗಾಡಿ ಎಂದೋ ಎದುರಿಗೆ ಗುದ್ದಿದೆ ಎಂದರ್ಥ. ಅಂಥ ಫ್ರೇಮಿಗೆ ಹಣ ಸುರಿಯುವ ಮೊದಲು ನುರಿತವರಿಗೆ ತೋರಿಸುವುದು ಒಳ್ಳೆಯದು.

ಕಟಕಟ ಸದ್ದಿಗೆ ಬಹುಪಾಲು ಕಾರಣ ಸವೆದ ಕಾಟರ್ ಪಿನ್. ಇದನ್ನು ತೆಗೆಯುವಾಗಲೇ ಹಳೆಯ ಗಾಡಿಗಳು ಹೆಚ್ಚಾಗಿ ಕೆಡುವುದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ತುಕ್ಕು ಬಿಡಿಸುವ ಎಣ್ಣೆಯನ್ನು ಪಿನ್ನಿನ ಎರಡೂ ತುದಿಗೆ ಹಾಕಿ, ಒಂದೆರಡು ದಿನ ಬೆಳಿಗ್ಗೆ ಸಂಜೆ ಮತ್ತೆ ಮತ್ತೆ ಹಾಕುತ್ತಿರಿ. ನಟ್ಟನ್ನು ಪೂರ್ತಿ ಬಿಚ್ಚದೆ, ಅದರ ಮೇಲ್ಭಾಗವು ಪಿನ್ನಿನ ತುದಿಗೆ ಸಮವಾಗುವಷ್ಟು ಮಾತ್ರ ಸಡಿಲಿಸಿದರೆ ಥ್ರೆಡ್ಡಿಗೆ ಆಸರೆ ಸಿಗುತ್ತದೆ. ಪಿನ್ನಿನ ತಲೆ ತೂರುವಷ್ಟು ಅಗಲದ ಕಬ್ಬಿಣದ ಪೈಪಿನ ತುಂಡನ್ನು ನೆಲದಿಂದ ಕ್ರ್ಯಾಂಕಿನವರೆಗೆ ನೆಟ್ಟಗೆ ನಿಲ್ಲಿಸಿ, ಕ್ರ್ಯಾಂಕು ಅದರ ಮೇಲೆ ಕೂರುವಂತೆ ಮಾಡಿ. ಈ ಆಸರೆ ಇಲ್ಲದಿದ್ದರೆ ಸುತ್ತಿಗೆಯ ಏಟೆಲ್ಲ ಒಳಗಿನ ಬೇರಿಂಗ್ ಗುಂಡುಗಳ ಮೇಲೆ ಬಿದ್ದು, ಅವು ಕೂರುವ ಬಟ್ಟಲಿನಲ್ಲಿ ಗುಳಿ ಬೀಳುತ್ತದೆ. ಕುಟುಕುಟು ಎಂದು ಹತ್ತಾರು ಸಲ ತಟ್ಟುವುದಕ್ಕಿಂತ ಭಾರವಾದ ಸುತ್ತಿಗೆಯ ಒಂದೇ ಗಟ್ಟಿ ಏಟು ಮೇಲು. ಪಿನ್ ಒತ್ತಿ ತೆಗೆಯುವ ಪ್ರೆಸ್ ಸಿಕ್ಕಿದರಂತೂ ಸುತ್ತಿಗೆಯೇ ಬೇಡ.

ಹೊಸ ಪಿನ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ದಪ್ಪವನ್ನು ಅಳೆಸಿ ಕೊಳ್ಳಿ. ರ‍್ಯಾಲಿಗೆ 9.5 ಮಿ.ಮೀ. ಪಿನ್ ಬೇಕು, 9 ಮಿ.ಮೀ. ಪಿನ್ ಕೂತಂತೆ ಕಂಡರೂ ವಾರದೊಳಗೆ ಸಡಿಲಾಗುತ್ತದೆ. ಚಪ್ಪಟೆ ಮುಖವನ್ನು ಅರದಿಂದ ಹದವಾಗಿ ಉಜ್ಜಿ, ಎರಡು ಕ್ರ್ಯಾಂಕುಗಳೂ ಒಂದೇ ನೇರದಲ್ಲಿ ನಿಲ್ಲುವಂತೆ, ಎರಡು ಪಿನ್ನುಗಳು ಒಂದಕ್ಕೊಂದು ತಿರುಗುಮುರುಗಾಗಿರುವಂತೆ ಕೂರಿಸಬೇಕು. ಕ್ರ್ಯಾಂಕನ್ನು ಹಿಡಿದಿಡುವುದು ಬೆಣೆಯಂತಿರುವ ಆ ಚಪ್ಪಟೆ ಮುಖವೇ ಹೊರತು ನಟ್ಟಲ್ಲ. ಆದ್ದರಿಂದ ಮೊದಲು ಪಿನ್ನನ್ನು ಒಳಕ್ಕೆ ಗಟ್ಟಿಯಾಗಿ ಕೂರಿಸಿ, ಆಮೇಲೆ ನಟ್ಟು ಬಿಗಿಸಿ, ಸುಮಾರು 50 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿಸಿ ನೋಡಿ.

ಇನ್ನೊಂದು ಮುಖ್ಯ ಸಂಗತಿ. ಆ ಕಾಲದ ರ‍್ಯಾಲಿ ಗಾಡಿಗಳ ಕ್ರ್ಯಾಂಕಿನ ಬಟ್ಟಲುಗಳಲ್ಲಿ ಅಂಗುಲಕ್ಕೆ 26 ಸುತ್ತಿನ ಥ್ರೆಡ್ ಇರುತ್ತದೆ, ಉಳಿದ ಇಂಗ್ಲಿಷ್ ಗಾಡಿಗಳಲ್ಲಿ ಸಾಮಾನ್ಯವಾಗಿ 24. ಅಂಗಡಿಯಲ್ಲಿ ಸಿಗುವ 24ರ ಬಟ್ಟಲನ್ನು ಬಲವಂತವಾಗಿ ತಿರುಗಿಸಿದರೆ ಫ್ರೇಮಿನ ಥ್ರೆಡ್ಡೇ ಹೋಗಿಬಿಡುತ್ತದೆ. ನಿಮ್ಮ ಹಳೆಯ ಬಟ್ಟಲು, ಅಚ್ಚುಗಳನ್ನು ಜೋಪಾನವಾಗಿ ಸೀಮೆಎಣ್ಣೆಯಲ್ಲಿ ತೊಳೆದು, ಗುಂಡುಗಳನ್ನು ಮಾತ್ರ ಹೊಸದಾಗಿ ಹಾಕಿಸಿ: ಕಾಲಂಗುಲದ ಗುಂಡು, ಒಂದೊಂದು ಬದಿಗೆ 11. ಚೈನ್ ಇರುವ ಕಡೆಯ ಬಟ್ಟಲಿಗೂ ಎಡಗಡೆಯ ಪೆಡಲ್ಲಿಗೂ ಉಲ್ಟಾ ಥ್ರೆಡ್ ಇರುತ್ತದೆ ಎಂಬುದನ್ನು ಪಾನಾ ಹಿಡಿಯುವ ಮೊದಲು ನೆನಪಿಟ್ಟುಕೊಳ್ಳಿ.

ಟಯರಿನ ವಿಷಯದಲ್ಲಿ ‘28 ಅಂಗುಲ’ ಎಂದಷ್ಟೇ ಹೇಳಿ ತರಬೇಡಿ. ನಿಮಗೆ ಬೇಕಾದದ್ದು 28×1½, ಅಂದರೆ ಪಕ್ಕದಲ್ಲಿ 635 ಎಂದು ಬರೆದಿರುವುದು. ಈಗಿನ ಹೊಸ ಮಾದರಿಯ ಗಾಡಿಗಳ 622 ಟಯರನ್ನೂ ಕೆಲವು ಅಂಗಡಿಗಳಲ್ಲಿ 28 ಎಂದೇ ಕರೆಯುತ್ತಾರೆ. ವ್ಯಾಸದಲ್ಲಿ 13 ಮಿ.ಮೀ. ವ್ಯತ್ಯಾಸವಿರುವುದರಿಂದ ಅದು ನಿಮ್ಮ ರಿಮ್ಮಿನ ಮೇಲೆ ಏರುವುದೇ ಇಲ್ಲ. ನಮ್ಮ ಹಾಲಿನವರ, ಪೇಪರಿನವರ ದೊಡ್ಡ ಗಾಡಿಗಳಿಗೆ ಹಾಕುವ ಟಯರೇ ನಿಮ್ಮದು, ಬೆಲೆಯೂ ಕಡಿಮೆ.

ಉಪ್ಪುಗಾಳಿ, ಮಂಗಳೂರು

ಹುಬ್ಬಳ್ಳಿಯವರು ಕೆಲಸದ ಕ್ರಮವನ್ನು ಸರಿಯಾಗಿ ಹೇಳಿದ್ದಾರೆ. ಬಣ್ಣ ಮತ್ತು ತುಕ್ಕಿನ ಬಗ್ಗೆ ನಾನು ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ನಮ್ಮ ಕರಾವಳಿಯಲ್ಲಿ ಹಳೆಯ ಗಾಡಿ ಇಟ್ಟುಕೊಂಡವರಿಗೆ ವರ್ಷದುದ್ದಕ್ಕೂ ಇದೇ ಕೆಲಸ.

ಆ ಚಿನ್ನದ ಗೆರೆಗಳನ್ನು ಕಾರ್ಖಾನೆಯಲ್ಲಿ ಕುಂಚ ಹಿಡಿದವರು ಒಂದೊಂದಾಗಿ ಎಳೆದದ್ದು. ಸೀಟಿನ ಕೊಳವೆಯ ಬಳಿ ಭೂತಗನ್ನಡಿ ಹಿಡಿದು ನೋಡಿದರೆ, ಕುಂಚವನ್ನು ಎತ್ತಿದ ಜಾಗದಲ್ಲಿ ಗೆರೆ ಸ್ವಲ್ಪ ತೆಳ್ಳಗಾಗಿರುವುದು ಕಾಣಿಸುತ್ತದೆ. ಪೌಡರ್ ಕೋಟಿಂಗ್‌ಗೆ ಮೊದಲು ಮರಳು ಹೊಡೆದು ಲೋಹವನ್ನು ಬರಿದು ಮಾಡುತ್ತಾರೆ. ಗೆರೆ, ಅಕ್ಷರ, ಲಾಂಛನದ ಸುತ್ತಲಿನ ಅಲಂಕಾರ ಎಲ್ಲವೂ ಒಂದು ಗಂಟೆಯಲ್ಲಿ ಹೋಗಿಬಿಡುತ್ತವೆ, ಮೇಲಾಗಿ ದಪ್ಪನೆಯ ಲೇಪ ಕೂತು ಫ್ರೇಮಿನ ಸಂಖ್ಯೆಯನ್ನೂ ಓದುವುದು ಕಷ್ಟವಾಗುತ್ತದೆ. ಬಣ್ಣವನ್ನು ಯಾವಾಗ ಬೇಕಾದರೂ ಹಚ್ಚಿಸಬಹುದು. ಹೋದ ಮೂಲ ಬಣ್ಣವನ್ನು ಯಾರೂ ಹಿಂದಕ್ಕೆ ತಂದುಕೊಡಲಾರರು. ಈ ಒಂದು ಕಾರಣಕ್ಕಾಗಿಯಾದರೂ ಸ್ವಲ್ಪ ಕಾಯಿರಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.

ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಸೌಮ್ಯವಾದ ಸೋಪಿನ ದ್ರವ ಹಾಕಿ, ಮೆತ್ತನೆಯ ಹತ್ತಿ ಬಟ್ಟೆಯಿಂದ ತೊಳೆಯಿರಿ. ಅಕ್ಷರಗಳ ಮೇಲೆ ಮಾತ್ರ ಉಜ್ಜಬೇಡಿ, ಒತ್ತಿ ಒರೆಸಿದರೆ ಸಾಕು. ಕಾರಿಗೆ ಹಚ್ಚುವ ರಬ್ಬಿಂಗ್ ಕಾಂಪೌಂಡ್ ಆ ಅಕ್ಷರಗಳನ್ನು ಎರಡೇ ಉಜ್ಜಿಗೆ ಅಳಿಸಿಬಿಡುತ್ತದೆ. ಒಣಗಿದ ಮೇಲೆ ಕಾರಿನ ಮೇಣವನ್ನು ತೆಳುವಾಗಿ ಹಚ್ಚಿ. ಬಣ್ಣ ಕಿತ್ತುಹೋದ ಚುಕ್ಕೆಗಳಿಗೆ ತುಕ್ಕು ತೆಗೆದು, ಸಣ್ಣ ಕುಂಚದಿಂದ ಕಪ್ಪು ಎನಾಮಲ್ ಮುಟ್ಟಿಸಿದರೆ ಅದು ಅಲ್ಲಿಗೇ ನಿಲ್ಲುತ್ತದೆ.

ರಿಮ್, ಹ್ಯಾಂಡಲ್ ಮುಂತಾದ ಕ್ರೋಮ್ ಭಾಗಗಳಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿ ನೋಡಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಆದ್ದರಿಂದ ಗೀರು ಬೀಳದೆ ತುಕ್ಕು ಬಿಡುತ್ತದೆ. ಬೋಲ್ಟು, ಬ್ರೇಕಿನ ಕೊಕ್ಕೆಯಂಥ ಸಣ್ಣ ವಸ್ತುಗಳನ್ನು ಆಕ್ಸಾಲಿಕ್ ಆಮ್ಲದ ತೆಳು ದ್ರಾವಣದಲ್ಲಿ, ಅಂದರೆ ಲೀಟರ್ ನೀರಿಗೆ 30ರಿಂದ 50 ಗ್ರಾಂ ಹಾಕಿ, ರಾತ್ರಿಯಿಡೀ ನೆನೆಸಿಟ್ಟರೆ ತುಕ್ಕು ಕರಗುತ್ತದೆ. ಬೆಳಿಗ್ಗೆ ವಾಷಿಂಗ್ ಸೋಡಾ ನೀರಿನಲ್ಲಿ ಅದ್ದಿ, ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರಬೇಕು. ಇದು ವಿಷ, ಕೈಗವಸು ಬೇಕೇ ಬೇಕು, ಅಡುಗೆಯ ಪಾತ್ರೆಯನ್ನು ಬಳಸಬಾರದು, ಮಕ್ಕಳಿರುವ ಮನೆಯಲ್ಲಿ ದ್ರಾವಣವನ್ನು ತೆರೆದಿಡಬಾರದು. ಶೌಚಾಲಯ ತೊಳೆಯುವ ಆಸಿಡ್ಡನ್ನಂತೂ ಗಾಡಿಯ ಹತ್ತಿರ ತರಲೇಬೇಡಿ. ಅದು ತುಕ್ಕಿನ ಜೊತೆಗೆ ಒಳ್ಳೆಯ ಉಕ್ಕನ್ನೂ ತಿನ್ನುತ್ತದೆ. ಹ್ಯಾಂಡಲ್ಲಿನ ಹಿತ್ತಾಳೆ ಬಿಲ್ಲೆಗೆ ಹುಣಸೆಹಣ್ಣು ಸಾಕು, ಅದೂ ಅಂಕಿಗಳು ಓದಲು ಬರುವಷ್ಟು ಮಾತ್ರ.

ಸೀಟಿಗೆ ಕೊಬ್ಬರಿ ಎಣ್ಣೆ, ಹರಳೆಣ್ಣೆ ಸುರಿಯುವ ಸಲಹೆ ಹಲವರಿಂದ ಬರುತ್ತದೆ, ದಯವಿಟ್ಟು ಕೇಳಬೇಡಿ. ಎಣ್ಣೆ ಕುಡಿದ ಚರ್ಮ ಮೆತ್ತಗಾಗಿ ನಡುವೆ ಜೋತುಬೀಳುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ. ಚರ್ಮದ ಸೀಟಿಗೆಂದೇ ಮಾರುವ ಮೇಣವನ್ನು ಮೇಲೂ ಕೆಳಗೂ ತೆಳುವಾಗಿ ಹಚ್ಚಿ, ವಾರ ಬಿಟ್ಟು ಮತ್ತೊಮ್ಮೆ ಹಚ್ಚಿ. ಮುಂದಿನ ಬಿಗಿಸುವ ಬೋಲ್ಟನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ರಿವೆಟ್ಟಿನ ಸುತ್ತ ಬಿರುಕಿದ್ದರೆ ಅದನ್ನು ತೆಗೆದಿಟ್ಟು, ಓಡಾಟಕ್ಕೆ ಬೇರೆ ಸೀಟು ಹಾಕಿಕೊಳ್ಳಿ.

ಅರಳಿಕಟ್ಟೆ, ಬೆಂಗಳೂರು

ಬಣ್ಣವನ್ನು ಉಳಿಸಿಕೊಳ್ಳಬೇಕೆಂಬ ಮಾತಿಗೆ ನನ್ನದೂ ಸಹಮತವಿದೆ, ಆದರೆ ಅದನ್ನು ಎಲ್ಲ ಗಾಡಿಗಳಿಗೂ ನಿಯಮವಾಗಿಸಬಾರದು. ನನ್ನಲ್ಲಿರುವ ಹರ್ಕ್ಯುಲಿಸ್ ಗಾಡಿ ಸಿಕ್ಕಾಗ ಅದರ ಮೇಲೆ ಮೂಲ ಬಣ್ಣದ ಒಂದು ಅಂಗೈಯಷ್ಟು ಜಾಗವೂ ಉಳಿದಿರಲಿಲ್ಲ. ಯಾರೋ ಹಚ್ಚಿದ್ದ ಗೇಟಿನ ಬಣ್ಣದ ಅಡಿಯಲ್ಲಿ ತುಕ್ಕು ಹರಡುತ್ತಿತ್ತು. ಅಂಥ ಗಾಡಿಗೆ ಬಣ್ಣ ಹಚ್ಚಿಸುವುದೇ ಅದನ್ನು ಉಳಿಸುವ ದಾರಿ. ಲಾಂಛನವನ್ನು ಬಿಚ್ಚಿಟ್ಟು, ಕ್ರ್ಯಾಂಕು ಮತ್ತು ಹ್ಯಾಂಡಲ್‌ನ ಥ್ರೆಡ್ಡುಗಳಿಗೆ ಟೇಪ್ ಸುತ್ತಿ, ಕಾರಿಗೆ ಬಣ್ಣ ಹೊಡೆಯುವವರಿಂದ ಕಪ್ಪು ಎನಾಮಲ್ ತೆಳುವಾಗಿ ಹೊಡೆಸಿದೆ. ನಿಮ್ಮ ಗಾಡಿಯಲ್ಲಿ ಗೆರೆಗಳೇ ಕಾಣುತ್ತಿವೆ ಎಂದ ಮೇಲೆ ಅದರ ಪ್ರಶ್ನೆ ಏಳುವುದಿಲ್ಲ.

ಹಳೆಯ ಇಂಗ್ಲಿಷ್ ನಟ್ಟುಗಳಿಗೆ ನಮ್ಮ ಮಿ.ಮೀ. ಅಳತೆಯ ಸ್ಪ್ಯಾನರ್ ಸರಿಯಾಗಿ ಕೂರುವುದಿಲ್ಲ ಎಂಬುದನ್ನೂ ಗಮನಿಸಿ. ಇಲ್ಲಿನ ಎಸ್.ಜೆ.ಪಿ. ರಸ್ತೆಯಂಥ ಹಾರ್ಡ್‌ವೇರ್ ಪೇಟೆಯಲ್ಲಿ ಹುಡುಕಿ ಸರಿಯಾದ ಅಳತೆಯದ್ದನ್ನು ತಂದುಕೊಳ್ಳಿ. ಸ್ಕ್ರೂ ಸ್ಪ್ಯಾನರಿನಿಂದ ಮೂಲೆ ಸವೆದ ನಟ್ಟಿಗೆ ಜೋಡಿ ಸಿಗುವುದು ಸುಲಭವಲ್ಲ.

ಮೂರನೇ ಗೇರು, ಡರ್ಬಿ, ಇಂಗ್ಲೆಂಡ್

ಗೇರ್ ಹಬ್ಬನ್ನು ತೆಗೆಸಬೇಡಿ ಎಂದು ಹೇಳುವುದಕ್ಕಾಗಿಯೇ ಬರೆಯುತ್ತಿದ್ದೇನೆ. ನಾನಿರುವ ಊರಿನಿಂದ ನಾಟಿಂಗ್‌ಹ್ಯಾಮ್ ದೂರವಿಲ್ಲ. ಈ ಹಬ್ ಹಾಕಿದ ಹಳೆಯ ಗಾಡಿಗಳನ್ನು ಇಲ್ಲಿ ಇಂದಿಗೂ ಜನ ದಿನಬಳಕೆಗೆ ಓಡಿಸುತ್ತಾರೆ, ನನ್ನದೂ ಅಂಥದ್ದೇ. 56 ಮತ್ತು 8 ಎಂದರೆ ಆ ಹಬ್ 1956ರ ಆಗಸ್ಟ್ ತಿಂಗಳಿನದು ಎಂದರ್ಥ. ಚಕ್ರವನ್ನು ಆಮೇಲೆ ಯಾರೂ ಬದಲಿಸಿಲ್ಲವಾದರೆ ಗಾಡಿಯ ವಯಸ್ಸೂ ಸುಮಾರಾಗಿ ಅದೇ.

ಕಾಲು ಖಾಲಿ ತಿರುಗುವುದು ಹಬ್ ಕೆಟ್ಟಿರುವುದರ ಗುರುತೆಂದು ಕೂಡಲೇ ತಿಳಿಯಬೇಡಿ. ಎ.ಡಬ್ಲ್ಯೂ. ಹಬ್ಬಿನಲ್ಲಿ ಎರಡನೇ ಮತ್ತು ಮೂರನೇ ಗೇರುಗಳ ನಡುವೆ ಯಾವುದಕ್ಕೂ ಹಿಡಿಯದ ಒಂದು ಸ್ಥಾನವಿದೆ. ಕೇಬಲ್ಲಿನ ಬಿಗಿ ತಪ್ಪಿದ್ದರೆ ಎರಡನೇ ಗೇರಿನಲ್ಲಿರುವಾಗಲೇ ಒಳಗಿನ ಕ್ಲಚ್ ಆ ಸ್ಥಾನಕ್ಕೆ ಜಾರುತ್ತದೆ. ಎದ್ದು ನಿಂತು ತುಳಿಯುತ್ತಿರುವಾಗ ಹೀಗಾದರೆ ಸವಾರ ಮುಗ್ಗರಿಸಿ ಬೀಳಬಹುದು. ಆದ್ದರಿಂದ ಇದನ್ನು ಸರಿಪಡಿಸುವವರೆಗೆ ರಸ್ತೆಗೆ ಇಳಿಯಬೇಡಿ.

ಸರಿಪಡಿಸುವ ಬಗೆ ಸುಲಭ. ಲಿವರನ್ನು ಎರಡನೇ ಗೇರಿನಲ್ಲಿ ಇಡಿ. ಬಲಗಡೆಯ ಉದ್ದನೆಯ ಅಚ್ಚಿನ ನಟ್ಟಿನಲ್ಲಿ ಒಂದು ಕಿಂಡಿಯಿದೆ. ಅದರೊಳಗೆ ಸಣ್ಣ ಚೈನಿಗೆ ಸೇರಿದ ಕಡ್ಡಿ ಕಾಣುತ್ತದೆ. ಆ ಕಡ್ಡಿಯ ಕೊನೆಯು ಅಚ್ಚಿನ ತುದಿಗೆ ಸರಿಸಮವಾಗಿ ನಿಲ್ಲುವವರೆಗೆ ಕೇಬಲ್ಲಿನ ತಿರುಪನ್ನು ತಿರುಗಿಸಿ, ಚೆಕ್‌ನಟ್ಟಿನಿಂದ ಬಿಗಿಮಾಡಿ. ಬಳಿಕ ಮೊದಲನೇ ಗೇರಿಗೆ ಹಾಕಿ ಪೆಡಲ್ ತಿರುಗಿಸುತ್ತಾ ಚೈನ್ ಪೂರ್ತಿ ಎಳೆದುಕೊಂಡಿದೆಯೇ ಎಂದು ನೋಡಿ.

ಇಷ್ಟಾದ ಮೇಲೂ ಜಾರಿದರೆ ಹಳೆಯ ಎಣ್ಣೆ ಒಳಗೆ ಗಟ್ಟಿಯಾಗಿ, ಗೇರನ್ನು ಹಿಡಿಯುವ ಸಣ್ಣ ಕೊಕ್ಕೆಗಳು ಅಂಟಿಕೊಂಡಿವೆ ಎಂದರ್ಥ. ಹಬ್ಬಿನ ನಡುವಿನ ಸಣ್ಣ ಮುಚ್ಚಳವನ್ನು ಎತ್ತಿ ಒಂದೆರಡು ಚಮಚ ಸೀಮೆಎಣ್ಣೆ ಬಿಟ್ಟು, ಚಕ್ರವನ್ನು ತಿರುಗಿಸಿ, ಮಗ್ಗುಲಾಗಿಸಿ ಹೊರಕ್ಕೆ ಸೋರಲು ಬಿಡಿ. ಕಪ್ಪು ನೀರು ನಿಂತ ಮೇಲೆ 20 ಅಥವಾ 30 ಗ್ರೇಡಿನ ಎಂಜಿನ್ ಆಯಿಲನ್ನು ಒಂದು ಚಮಚ ಹಾಕಿ. ಆಮೇಲೆ ತಿಂಗಳಿಗೆ ಕೆಲವು ಹನಿ ಸಾಕು. ಒಳಗಿನ ಗೇರುಗಳಿಗೆ ಗ್ರೀಸ್ ತುಂಬಬಾರದು. ಹೀಗೆ ನೋಡಿಕೊಂಡ ಹಬ್ಬು ಒಬ್ಬ ಸವಾರನ ಆಯುಷ್ಯಕ್ಕಿಂತ ಹೆಚ್ಚು ಬಾಳುತ್ತದೆ. ಬಿಡಿಭಾಗಗಳು ಈಗಲೂ ಸಿಗುತ್ತವೆ.

ಏರಿನಲ್ಲಿ ಭಾರವೆನಿಸಿದರೆ ಹಿಂದಿನ ಹಲ್ಲುಚಕ್ರವನ್ನು ಬದಲಿಸಿಕೊಳ್ಳಿ. ಈಗ 18 ಹಲ್ಲಿನದಿದ್ದರೆ 22 ಹಲ್ಲಿನದನ್ನು ಹಾಕಿದಾಗ ಮೂರೂ ಗೇರುಗಳು ಶೇ 18ರಷ್ಟು ಹಗುರವಾಗುತ್ತವೆ. ಚೈನ್ ಕವರಿನಲ್ಲಿ ಅಷ್ಟು ಜಾಗವಿದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ 20ರದ್ದು ಸಾಕು.

ಕುಕ್ಕರಹಳ್ಳಿ ಸವಾರ, ಮೈಸೂರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಬಣ್ಣವನ್ನು ಮುಟ್ಟುವುದಿಲ್ಲ ಎಂದು ನಿರ್ಧರಿಸಿದ್ದೇನೆ. ದಾರದ ಪರೀಕ್ಷೆಯಲ್ಲಿ ಫ್ರೇಮ್ ನೇರವಾಗಿದೆ. ಕಿಂಡಿಯಲ್ಲಿ ನೋಡಿದಾಗ ಕಡ್ಡಿ ಅಚ್ಚಿನ ತುದಿಗಿಂತ ಸಾಕಷ್ಟು ಒಳಗೆ ನಿಂತಿತ್ತು. ಅದನ್ನು ಸಮ ಮಾಡಿದ ಮೇಲೆ ಅಂಗಳದಲ್ಲಿ ಎಷ್ಟು ಒತ್ತಿ ತುಳಿದರೂ ಗೇರು ಜಾರಲಿಲ್ಲ. ಕಾಟರ್ ಪಿನ್ನುಗಳು ಎಣ್ಣೆಯಲ್ಲಿ ನೆನೆಯುತ್ತಿವೆ.

ಉಳಿದಿರುವ ಚಿಂತೆ ಬ್ರೇಕಿನದು. ರಿಮ್ಮಿನ ತುಕ್ಕು ತೆಗೆದರೂ, ಹೊಸ ಬ್ರೇಕ್ ರಬ್ಬರ್ ಹಾಕಿದರೂ ಹಿಡಿತ ಒಮ್ಮೆ ಬಿಗಿ, ಒಮ್ಮೆ ಸಡಿಲ ಎನ್ನುವಂತಿದೆ. ಮಳೆಯಲ್ಲಿ ಈ ಗಾಡಿಯನ್ನು ನಂಬಬಹುದೇ?

ಪಾನಾಪೆಟ್ಟಿಗೆ, ಹುಬ್ಬಳ್ಳಿ

ಹಿಡಿತ ಏರುಪೇರಾಗುವುದು ರಬ್ಬರಿನ ದೋಷವಲ್ಲ, ಚಕ್ರ ಗುಂಡಗಿಲ್ಲ. ಈಗಿನ ಗಾಡಿಗಳಲ್ಲಿ ಬ್ರೇಕು ರಿಮ್ಮನ್ನು ಎರಡು ಪಕ್ಕದಿಂದ ಹಿಡಿಯುತ್ತದೆ, ಆದ್ದರಿಂದ ಬೆಂಡ್ ತೆಗೆಯುವವರು ಪಕ್ಕದ ಓಲಾಟವನ್ನೇ ಹೆಚ್ಚಾಗಿ ನೋಡುತ್ತಾರೆ. ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಒಳಮುಖಕ್ಕೆ, ಹಬ್ಬಿನ ಕಡೆಯಿಂದ ಮೇಲಕ್ಕೆ ಒತ್ತುತ್ತದೆ. ಇಲ್ಲಿ ಏರಿಳಿತವೇ ಮುಖ್ಯ. ಚಕ್ರವನ್ನು ಸ್ಟ್ಯಾಂಡಿಗೆ ಹಾಕಿ, ರಿಮ್ಮಿನ ಅಂಚಿಗೆ ಒಂದು ಕಡ್ಡಿಯನ್ನು ಸ್ಥಿರವಾಗಿ ಹಿಡಿದು ತಿರುಗಿಸಿ; ಎಲ್ಲಿ ಅಂಚು ಕಡ್ಡಿಗೆ ತಗುಲುತ್ತದೆಯೋ ಅಲ್ಲಿನ ಎರಡೂ ಬದಿಯ ಸ್ಪೋಕ್ಸುಗಳನ್ನು ಸಮನಾಗಿ, ಅರ್ಧ ಸುತ್ತಿಗೆ ಮೀರದಂತೆ ಬಿಗಿಸುತ್ತಾ ಬರಬೇಕು. ಸ್ಪೋಕ್ಸನ್ನು ಬಿಗಿಸುವ ಹಳೆಯ ನಿಪ್ಪಲ್ಲುಗಳಿಗೆ ಹಿಂದಿನ ದಿನವೇ ಎಣ್ಣೆ ಹಾಕಿಡದಿದ್ದರೆ ಸ್ಪೋಕ್ಸ್ ಮುರಿಯುತ್ತವೆ. ಕೆಲಸಕ್ಕೆ ಒಪ್ಪಿಸುವಾಗ ಇದನ್ನು ಬಾಯಿಬಿಟ್ಟು ಹೇಳಿ. ಹಾಲಿನ ಗಾಡಿಗಳನ್ನು ರಿಪೇರಿ ಮಾಡುವ ಹಿರಿಯರೊಬ್ಬರು ನಿಮ್ಮ ಊರಿನಲ್ಲಿ ಸಿಕ್ಕರೆ ಹೇಳುವ ಅಗತ್ಯವೂ ಬೀಳುವುದಿಲ್ಲ.

ಆಮೇಲೆ ರಬ್ಬರಿಗೂ ರಿಮ್ಮಿಗೂ ಸುಮಾರು 3 ಮಿ.ಮೀ. ಅಂತರ ಬಿಟ್ಟು ರಾಡುಗಳ ಬೋಲ್ಟು ಬಿಗಿಸಿ, ಕೀಲುಗಳಿಗೆಲ್ಲ ಒಂದೊಂದು ಹನಿ ಎಣ್ಣೆ ಬಿಡಿ. ಚೈನ್ ಬಿಗಿಗಾಗಿ ಹಿಂದಿನ ಚಕ್ರವನ್ನು ಸರಿಸಿದಾಗಲೆಲ್ಲ ಹಿಂದಿನ ಬ್ರೇಕನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ.

ಮಳೆಯ ವಿಷಯದಲ್ಲಿ ನೇರವಾಗಿ ಹೇಳಿಬಿಡುತ್ತೇನೆ. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ಯಾವ ರಬ್ಬರೂ ಒಣಗಿದ್ದಾಗಿನಂತೆ ಹಿಡಿಯುವುದಿಲ್ಲ. ಚರ್ಮದ ಮುಖವಿರುವ ಬ್ರೇಕ್ ಕಟ್ಟೆ ಸಿಕ್ಕರೆ ಸ್ವಲ್ಪ ಮೇಲು, ಆದರೂ ಇಳಿಜಾರಿನಲ್ಲಿ ಅದನ್ನು ನಂಬಿ ವೇಗ ಪಡೆಯಬಾರದು. ಮಳೆ ಹಿಡಿದರೆ ನಿಲ್ಲಿಸಬೇಕಾದ ಜಾಗಕ್ಕೆ ಬಹಳ ಮೊದಲೇ ಬ್ರೇಕನ್ನು ಮೆಲ್ಲಗೆ ತಾಗಿಸಿ, ರಿಮ್ಮಿನ ನೀರನ್ನು ಒರೆಸಿಕೊಳ್ಳುತ್ತಾ ಬನ್ನಿ. ಮನೆಗೆ ಬಂದ ಮೇಲೆ ರಿಮ್ಮನ್ನೂ ರಾಡುಗಳನ್ನೂ ಒಣಬಟ್ಟೆಯಿಂದ ಒರೆಸಿಡಿ. ಚಾಮುಂಡಿ ಬೆಟ್ಟದ ಇಳಿಜಾರಿಗೆ ಈ ಗಾಡಿಯನ್ನು ಮಳೆಗಾಲದಲ್ಲಿ ಒಯ್ಯಬೇಡಿ. ಕೆರೆಗೂ ಮಾರುಕಟ್ಟೆಗೂ ಧಾರಾಳವಾಗಿ ಓಡಿಸಿ.